ಒಂದು ದೇಶ, ಒಂದೇ ವಿಳಾಸ: ಸ್ಪ್ಯಾಮ್ ತಡೆಯೋದು ಹೇಗೆ, ಹೊಣೆ ಯಾರದು?

 

ಈ ಸಲದ ವಿಷಯ ಸ್ಪ್ಯಾಮ್ ಇಮೇಲ್. ಇದರಲ್ಲಿ ವಿಜ್ಞಾನ ಏನಿದೆ, ಡಿಲೀಟ್ ಮಾಡಿದ್ರೆ ಆಯ್ತಲ್ಲ ಅಂತ ಕೇಳಬಹುದು. ಆದರೆ ಕತಾರಿನ ಉತ್ತರ ತುದಿಯ ಅಲ್ ಶಮಾಲ್‌ನಂಥ ಊರಲ್ಲಿ ಕೆಲಸ ಹುಡುಕುವವರ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಶಮಾಲ್ ಅಂದ್ರೆ ಅರಬಿಯಲ್ಲಿ ಉತ್ತರ. ದೋಹಾದಿಂದ ಅಲ್ ಶಮಾಲ್ ರಸ್ತೆ ಹಿಡಿದು ನೂರು ಕಿಲೋಮೀಟರಿಗೂ ಹೆಚ್ಚು ಹೋದ್ರೆ ಮದೀನತ್ ಅಲ್ ಶಮಾಲ್ ಸಿಗುತ್ತೆ, ಅದರ ಪಕ್ಕದಲ್ಲೇ ರುವೈಸ್ ಬಂದರು. ಇಂಥ ಕಡೆ ಕೆಲಸ ಹುಡುಕೋದು, ಕೆಲಸ ಬದಲಾಯಿಸೋದು, ವೀಸಾ ಕಾಗದ, ಬ್ಯಾಂಕು, ಊರಿನ ಸುದ್ದಿ ಎಲ್ಲವೂ ಇಮೇಲ್ ಮತ್ತು ಫೋನ್ ಮೇಲೇ ನಿಂತಿದೆ. ನಿಜವಾದ ಕಂಪನಿಯ ಆಫರ್ ಲೆಟರ್ ಸ್ಪ್ಯಾಮ್ ಫೋಲ್ಡರಿಗೆ ಬಿದ್ದು ಗಡುವು ದಾಟಿಹೋದ್ರೆ ಒಂದು ಕೆಲಸ ಹೋಯ್ತು. ಸುಳ್ಳು ಆಫರ್ ಲೆಟರ್ ನೇರ ಇನ್‌ಬಾಕ್ಸಿಗೆ ಬಂದು, ಊರಲ್ಲಿ ಯಾರೋ ಚಿನ್ನ ಅಡವಿಟ್ಟು 'ಪ್ರೊಸೆಸಿಂಗ್ ಫೀ' ಕಟ್ಟಿದ್ರೆ ಅದಕ್ಕಿಂತ ದೊಡ್ಡ ನಷ್ಟ.

ಹಾಗಾಗಿ ಇವತ್ತು ನಮ್ಮ ಮುಂದೆ ಎರಡು ಪ್ರಶ್ನೆ ಇವೆ. ಯಾವ ಮೇಲ್ ಒಳಗೆ ಬರಬೇಕು, ಯಾವುದು ಬರಬಾರದು ಅಂತ ಯಂತ್ರ ಹೇಗೆ ತೀರ್ಮಾನ ಮಾಡುತ್ತೆ? ತಪ್ಪು ಮೇಲ್ ಬಂದಾಗ ಹೊಣೆ ಯಾರದು, ಕಳಿಸಿದವರದೋ, ಅದನ್ನು ಸಾಗಿಸಿದ ಇಂಟರ್ನೆಟ್ ಕಂಪನಿಯದೋ?

ಇಡೀ ಕತಾರಿಗೆ ಒಂದೇ ಬಾಗಿಲು

ಮೊದಲು ಕತಾರಿನಲ್ಲೇ ನಡೆದ ಒಂದು ಸಂಗತಿ. ಇದು ಇಮೇಲಿನದಲ್ಲ, ವಿಕಿಪೀಡಿಯಾದ್ದು. ಆದರೆ ಸ್ಪ್ಯಾಮ್ ತಡೆಯ ಕಷ್ಟ ಇಷ್ಟು ಸ್ಪಷ್ಟವಾಗಿ ಕಾಣಿಸೋ ಉದಾಹರಣೆ ಬೇರೆ ಸಿಗೋದು ಅಪರೂಪ.

2006 ಮುಗಿದು 2007 ಹುಟ್ಟುತ್ತಿದ್ದ ದಿನಗಳು. ಆಗ ಕತಾರಿನಲ್ಲಿ ಇದ್ದದ್ದು ಒಂದೇ ದೂರಸಂಪರ್ಕ ಕಂಪನಿ, ಕ್ಯೂಟೆಲ್. ಇವತ್ತು ಅದರ ಹೆಸರು ಊರೀಡೂ. ಆ ಕಾಲದಲ್ಲಿ ದೇಶದ ವೆಬ್ ಸಂಚಾರ ಕಂಪನಿಯ ಪ್ರಾಕ್ಸಿ ಸರ್ವರ್ ಮೂಲಕ ಹೊರಗೆ ಹೋಗುತ್ತಿತ್ತು. ಪ್ರಾಕ್ಸಿ ಅಂದ್ರೆ ನಮ್ಮ ಪರವಾಗಿ ಹೊರಗೆ ಹೋಗಿ ಪುಟ ತಂದುಕೊಡುವ ಮಧ್ಯವರ್ತಿ ಕಂಪ್ಯೂಟರ್. ಹೊರಗಿನ ಜಗತ್ತಿಗೆ ಕಾಣೋದು ಮಧ್ಯವರ್ತಿಯ ವಿಳಾಸ ಮಾತ್ರ, ಹಿಂದೆ ಇರೋ ಮನೆಗಳದ್ದಲ್ಲ. ಹೀಗೆ ದೋಹಾದ ಕಚೇರಿಯಲ್ಲಿದ್ದವರೂ, ರುವೈಸ್ ಬಂದರಿನ ಹತ್ತಿರ ಇದ್ದವರೂ ವಿಕಿಪೀಡಿಯಾಕ್ಕೆ ಒಂದೇ ಅಂಕೆಯಾಗಿ ಕಾಣುತ್ತಿದ್ದರು: 82.148.97.69.

ಆ ವಿಳಾಸದಿಂದ ವಿಕಿಪೀಡಿಯಾ ಲೇಖನಗಳಿಗೆ ಕಿಡಿಗೇಡಿ ತಿದ್ದುಪಡಿಗಳು, ಕಸದ ಬರಹ ಬರತೊಡಗಿದವು. ಇಂಗ್ಲಿಷ್ ವಿಕಿಪೀಡಿಯಾದ ನಿರ್ವಾಹಕರೊಬ್ಬರು ಎಲ್ಲ ಕಡೆ ಮಾಡುವ ಹಾಗೆ ಇಲ್ಲೂ ಆ ವಿಳಾಸದಿಂದ ಹೆಸರಿಲ್ಲದೆ ತಿದ್ದುವುದನ್ನು ಕೆಲವು ಗಂಟೆ ಕಾಲ ನಿಲ್ಲಿಸಿದರು. ಜಗತ್ತಿನಾದ್ಯಂತ ಪ್ರತಿದಿನ ನಡೆಯೋ ಸಾಮಾನ್ಯ ಕ್ರಮ ಇದು. ಆದರೆ ಈ ಸಲ ಒಂದು ವಿಳಾಸ ಅಂದ್ರೆ ಹೆಚ್ಚುಕಮ್ಮಿ ಒಂದು ದೇಶವಾಗಿತ್ತು! 'ವಿಕಿಪೀಡಿಯಾ ಕತಾರನ್ನು ನಿಷೇಧಿಸಿತು' ಅಂತ ಸುದ್ದಿ ಹಬ್ಬಿತು. ವಿಕಿಪೀಡಿಯಾದ ಸ್ಥಾಪಕ ಜಿಮ್ಮಿ ವೇಲ್ಸ್ ಅದು ನಿಜವಲ್ಲ ಅಂತ ಹೇಳಬೇಕಾಯ್ತು. ಓದೋದಕ್ಕೆ ಯಾವ ತಡೆಯೂ ಇರಲಿಲ್ಲ, ಖಾತೆ ಇದ್ದವರು ಲಾಗಿನ್ ಆಗಿ ತಿದ್ದಬಹುದಿತ್ತು. ತಡೆಯನ್ನೂ ಬೇಗನೆ ತೆಗೆದರು.

ಇದರಲ್ಲಿ ಯಾರ ತಪ್ಪು? ಕಿಡಿಗೇಡಿಗಳು ಬೆರಳೆಣಿಕೆಯಷ್ಟು ಇದ್ದಿರಬಹುದು. ತಡೆ ಹಾಕಿದವರು ತಮ್ಮ ಕೆಲಸ ಮಾಡಿದರು. ಲಕ್ಷಾಂತರ ಜನರಿಗೆ ಏನಾಗ್ತಿದೆ ಅಂತಲೇ ಗೊತ್ತಿರಲಿಲ್ಲ. ಒಬ್ಬೊಬ್ಬ ಬಳಕೆದಾರರನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವರು ಅಂತ ಇದ್ದದ್ದು ನಡುವೆ ಇದ್ದ ಕಂಪನಿ ಒಂದೇ. ಪರಿಹಾರ ಕೂಡ ಅಲ್ಲೇ ಇತ್ತು. ಪ್ರಾಕ್ಸಿ ಸರ್ವರ್ ಪ್ರತಿ ಕೋರಿಕೆಯ ಜೊತೆಗೆ 'ಇದು ನನ್ನ ಹಿಂದಿರುವ ಇಂಥ ವಿಳಾಸದ್ದು' ಅಂತ ಒಂದು ಸಾಲು ಸೇರಿಸಿ ಕಳಿಸಬಹುದು. ತಾಂತ್ರಿಕವಾಗಿ ಇದಕ್ಕೆ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್ ಅಂತ ಹೆಸರು. ಇಂಟರ್ನೆಟ್ ಕಂಪನಿಗಳು ಇದನ್ನು ಸರಿಯಾಗಿ ಕಳಿಸಿದರೆ ತಪ್ಪು ಮಾಡಿದ ವಿಳಾಸವನ್ನಷ್ಟೇ ತಡೆದು ಮಿಕ್ಕವರನ್ನು ಬಿಡಬಹುದು. ವಿಕಿಪೀಡಿಯಾದವರು ಕಂಪನಿಗಳನ್ನು ಕೇಳಿಕೊಳ್ಳುತ್ತಿದ್ದದ್ದೂ ಇದನ್ನೇ.

ಈ ಕಥೆ ನೆನಪಿಟ್ಟುಕೊಳ್ಳಿ. ಇಮೇಲ್ ಲೋಕದಲ್ಲೂ ಇದೇ ಜಗಳ ಬೇರೆ ಬೇರೆ ರೂಪದಲ್ಲಿ ಬರುತ್ತೆ.

ಲಕೋಟೆ ಮೇಲೆ ಯಾರ ಹೆಸರು ಬೇಕಾದ್ರೂ

ಇಮೇಲಿನ ಮೂಲ ವ್ಯವಸ್ಥೆಯ ಹೆಸರು ಎಸ್‌ಎಂಟಿಪಿ. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ ನಿಯಮಾವಳಿ ಇದಕ್ಕೆ ಆಧಾರ. ಆಗ ಜಾಲದಲ್ಲಿ ಇದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಜನ. ಒಬ್ಬರಿಗೊಬ್ಬರು ಪರಿಚಯ. ಹಾಗಾಗಿ ಕಳಿಸುವವರು ನಿಜವಾಗಿಯೂ ಅವರೇನಾ ಅಂತ ಪರೀಕ್ಷಿಸೋ ಏರ್ಪಾಡೇ ಅದರಲ್ಲಿ ಇರಲಿಲ್ಲ.

ಅಂಚೆ ಕಾಗದ ನೆನಪಿಸಿಕೊಳ್ಳಿ. ಲಕೋಟೆಯ ಹಿಂದೆ 'ಇಂದ' ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದು. ಅಂಚೆಯಣ್ಣ ಬಂದು 'ಇದು ನಿಮ್ಮದೇನಾ' ಅಂತ ಕೇಳೋದಿಲ್ಲ. ಕಾಗದ ಎಲ್ಲಿಂದ ಹೊರಟಿತು ಅನ್ನೋದಕ್ಕೆ ಗುರುತು ಅಂದ್ರೆ ಅಂಚೆ ಕಚೇರಿಯ ಮುದ್ರೆ. ಇಮೇಲಲ್ಲೂ ಹಾಗೇ. 'ಫ್ರಮ್' ಅನ್ನೋ ಜಾಗದಲ್ಲಿ ಬ್ಯಾಂಕಿನ ಹೆಸರು, ರಾಯಭಾರ ಕಚೇರಿಯ ಹೆಸರು, ನಿಮ್ಮದೇ ಹೆಸರು ಕೂಡ ಬರೆಯಬಹುದು. ಆದರೆ ಮೇಲ್ ತಲುಪಿಸಲು ಬಂದ ಕಂಪ್ಯೂಟರಿನ ಐಪಿ ವಿಳಾಸವನ್ನು ಸುಳ್ಳಾಗಿಸೋದು ಬಹಳ ಕಷ್ಟ. ಯಾಕೆಂದ್ರೆ ಎರಡು ಕಂಪ್ಯೂಟರುಗಳು ಮಾತುಕತೆ ನಡೆಸಬೇಕಲ್ಲ, ಉತ್ತರ ಹಿಂದಕ್ಕೆ ತಲುಪಬೇಕಾದ್ರೆ ನಿಜವಾದ ವಿಳಾಸವೇ ಬೇಕು. ಅಂಚೆ ಮುದ್ರೆ ಅಂದ್ರೆ ಅದೇ.

ಸ್ಪ್ಯಾಮ್ ಅಂತೂ ಎಸ್‌ಎಂಟಿಪಿಗಿಂತ ಹಳೆಯದು. 1978ರ ಮೇ 3ರಂದು ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಕಂಪನಿಯ ಗ್ಯಾರಿ ಥುರ್ಕ್ ಆರ್ಪಾನೆಟ್‌ನಲ್ಲಿದ್ದ ಸುಮಾರು 400 ಜನರಿಗೆ ತಮ್ಮ ಹೊಸ ಕಂಪ್ಯೂಟರಿನ ಜಾಹೀರಾತು ಕಳಿಸಿದರು. ಜನ ಸಿಟ್ಟಾದರು, ಆದರೆ ಕಂಪನಿಗೆ ವ್ಯಾಪಾರವೂ ಆಯ್ತಂತೆ. ಇಮೇಲ್ ಕಳಿಸೋ ಖರ್ಚು ಹೆಚ್ಚುಕಮ್ಮಿ ಸೊನ್ನೆ. ಲಕ್ಷ ಜನಕ್ಕೆ ಕಳಿಸಿ ಹತ್ತು ಜನ ಮೋಸ ಹೋದರೂ ಲಾಭ. ಓದೋರ ಸಮಯ, ಸಾಗಿಸೋರ ಜಾಗ, ಇವುಗಳ ಖರ್ಚು ಮಾತ್ರ ಬೇರೆಯವರ ತಲೆ ಮೇಲೆ. ಸ್ಪ್ಯಾಮಿನ ಅರ್ಥಶಾಸ್ತ್ರ ಇಷ್ಟೇ.

ಮೊದಲ ಜರಡಿ: ವಿಳಾಸದ ಪಟ್ಟಿ

ಮೇಲ್ ಬಾಗಿಲಿಗೆ ಬಂದ ಕೂಡಲೇ ಸರ್ವರ್ ನೋಡೋದು ಕಳಿಸಿದ ಕಂಪ್ಯೂಟರಿನ ಐಪಿ ವಿಳಾಸವನ್ನು. ಆ ವಿಳಾಸಕ್ಕೆ ಕೆಟ್ಟ ಹೆಸರು ಇದೆಯಾ ಅಂತ ತಿಳಿಯೋಕೆ ತಡೆಪಟ್ಟಿಗಳಿವೆ. 1997ರಲ್ಲಿ ಪಾಲ್ ವಿಕ್ಸಿ ಮತ್ತು ಜೊತೆಗಾರರು ಇಂಥ ಮೊದಲ ಪಟ್ಟಿಯನ್ನು ಬಳಕೆಗೆ ತಂದರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಶುರು ಮಾಡಿದ ಸ್ಪ್ಯಾಮ್‌ಹೌಸ್ ಇವತ್ತಿಗೂ ಬಹಳ ಮೇಲ್ ಸರ್ವರುಗಳು ನಂಬುವ ಪಟ್ಟಿ.

ಇದರ ಕೆಲಸದ ರೀತಿ ಚೆಂದ ಇದೆ. ಉದಾಹರಣೆಗೆ 192.0.2.25 ಅನ್ನೋ ವಿಳಾಸದಿಂದ ಮೇಲ್ ಬಂತು ಅಂದ್ಕೊಳ್ಳಿ. ಸರ್ವರ್ ಅದನ್ನು ತಿರುಗಿಸಿ 25.2.0.192 ಅಂತ ಬರೆದು, ಅದರ ಮುಂದೆ ಪಟ್ಟಿಯ ಹೆಸರು ಸೇರಿಸಿ, ವೆಬ್‌ಸೈಟ್ ಹುಡುಕೋ ಹಾಗೆಯೇ ಡಿಎನ್‌ಎಸ್‌ನಲ್ಲಿ ಹುಡುಕುತ್ತೆ. ಅಂಥ ಹೆಸರು ಇಲ್ಲ ಅಂತ ಉತ್ತರ ಬಂದ್ರೆ ವಿಳಾಸ ಪಟ್ಟಿಯಲ್ಲಿ ಇಲ್ಲ. 127.0.0.2 ಅಂತ ಉತ್ತರ ಬಂದ್ರೆ ಪಟ್ಟಿಯಲ್ಲಿ ಇದೆ. ಇಷ್ಟಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಆದರೆ ನಮ್ಮ ಕತಾರ್ ಕಥೆ ಇಲ್ಲಿ ವಾಪಸ್ ಬರುತ್ತೆ. ವಿಳಾಸ ಅಂದ್ರೆ ಮನುಷ್ಯ ಅಲ್ಲ. ಒಂದೇ ಸರ್ವರಿನಲ್ಲಿ ನೂರಾರು ಚಿಕ್ಕ ಸಂಸ್ಥೆಗಳ ಮೇಲ್ ಇರುತ್ತೆ. ಅದರಲ್ಲಿ ಒಂದು ಅಂಗಡಿಯ ಪಾಸ್‌ವರ್ಡ್ ಕದ್ದು ಯಾರೋ ಸ್ಪ್ಯಾಮ್ ಕಳಿಸಿದ್ರೆ, ಪಕ್ಕದ ಶಾಲೆಯ ಮೇಲೂ ತಿರಸ್ಕಾರ ಆಗಬಹುದು. ಎಷ್ಟೋ ಸಲ ಪಟ್ಟಿ ನಡೆಸುವವರು ಬೇಕಂತಲೇ ಕಂಪನಿಯ ಇಡೀ ವಿಳಾಸ ಗುಂಪನ್ನೇ ಹಾಕ್ತಾರೆ. ಯಾಕೆ? ಮುಗ್ಧ ಗ್ರಾಹಕರು ಸಿಟ್ಟಾಗಿ ತಮ್ಮ ಕಂಪನಿಗೆ ಫೋನ್ ಮಾಡಲಿ, ಕಂಪನಿ ಆಗಲಾದರೂ ಸ್ಪ್ಯಾಮರನ್ನು ಹೊರಗೆ ಹಾಕಲಿ ಅಂತ. ಇದು ಸರಿಯೋ ತಪ್ಪೋ ಅನ್ನೋ ಜಗಳ 25 ವರ್ಷದಿಂದ ನಡೀತಾ ಇದೆ. ಕೆಲಸವಂತೂ ಆಗುತ್ತೆ, ಆದರೆ ದಂಡ ತೆರೋರು ತಪ್ಪು ಮಾಡದವರು.

ಎರಡನೇ ಜರಡಿ: ಪದಗಳ ಲೆಕ್ಕ

ವಿಳಾಸ ದಾಟಿ ಬಂದ ಮೇಲಿನ ಒಳಗೆ ಏನಿದೆ ಅಂತ ನೋಡೋದು ಮುಂದಿನ ಹಂತ. 2002ರ ಆಗಸ್ಟ್‌ನಲ್ಲಿ ಪಾಲ್ ಗ್ರಹಾಂ ಬರೆದ ಒಂದು ಪ್ರಬಂಧದಿಂದ ಬೇಯ್ಸ್ ವಿಧಾನ ಜನಪ್ರಿಯ ಆಯ್ತು. ಅದಕ್ಕೂ ಮುಂಚೆ, 1998ರಲ್ಲೇ ಸಂಶೋಧಕರು ಇದನ್ನು ಪ್ರಯತ್ನಿಸಿದ್ದರು. ತತ್ವ ಸುಲಭ, ಲೆಕ್ಕ ಹಾಕಿಯೇ ನೋಡೋಣ. ಅಂಕೆಗಳು ಉದಾಹರಣೆಗೆ ಮಾತ್ರ.

ಒಬ್ಬರ ಹತ್ತಿರ 500 ಸ್ಪ್ಯಾಮ್, 500 ಒಳ್ಳೆ ಮೇಲ್ ಇವೆ ಅಂದುಕೊಳ್ಳಿ. 'ವೀಸಾ' ಅನ್ನೋ ಪದ ಸ್ಪ್ಯಾಮಿನಲ್ಲಿ 200 ಕಡೆ, ಒಳ್ಳೆಯದರಲ್ಲಿ 50 ಕಡೆ ಇದೆ. ಹಾಗಾದ್ರೆ 'ವೀಸಾ' ಇರೋ ಹೊಸ ಮೇಲ್ ಸ್ಪ್ಯಾಮ್ ಆಗಿರೋ ಸಾಧ್ಯತೆ 250ರಲ್ಲಿ 200, ಅಂದ್ರೆ 80 ಪ್ರತಿಶತ. ಇಂಥ ಹತ್ತಾರು ಪದಗಳ ಸಾಧ್ಯತೆಗಳನ್ನು ಸೇರಿಸಿ ಒಂದು ಒಟ್ಟು ಅಂಕ ಕೊಡೋದು ಈ ವಿಧಾನ.

ಈಗ ಅಲ್ ಶಮಾಲ್‌ನಲ್ಲಿ ಕೆಲಸ ಮಾಡೋ ಒಬ್ಬರನ್ನು ತಗೊಳ್ಳಿ. ಅವರಿಗೆ ಬರೋ ನಿಜವಾದ ಮೇಲ್‌ಗಳಲ್ಲೂ ವೀಸಾ, ಪಾಸ್‌ಪೋರ್ಟ್, ಹಣ ವರ್ಗಾವಣೆ, ಅರ್ಜೆಂಟ್ ಅನ್ನೋ ಪದಗಳೇ ತುಂಬಿರ್ತವೆ. ಅವರ 500 ಒಳ್ಳೆ ಮೇಲ್‌ಗಳಲ್ಲಿ 'ವೀಸಾ' 150 ಕಡೆ ಇದ್ದರೆ, ಅದೇ ಪದದ ಸಾಧ್ಯತೆ 350ರಲ್ಲಿ 200ಕ್ಕೆ, ಅಂದ್ರೆ ಸುಮಾರು 57ಕ್ಕೆ ಇಳಿಯುತ್ತೆ. ಪದ ಒಂದೇ, ತೂಕ ಬೇರೆ. ಎಲ್ಲರಿಗೂ ಒಂದೇ ತೂಕ ಹಾಕಿದ್ರೆ ವಲಸೆ ಹೋದವರ ನಿಜವಾದ ಕಾಗದಗಳೇ ಕಸದ ಬುಟ್ಟಿಗೆ ಹೋಗೋ ಅಪಾಯ ಜಾಸ್ತಿ. ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದ ಒಳ್ಳೆ ಮೇಲನ್ನು 'ಇದು ಸ್ಪ್ಯಾಮ್ ಅಲ್ಲ' ಅಂತ ಒತ್ತೋದಕ್ಕೆ ಅರ್ಥ ಇರೋದು ಇದಕ್ಕೇ. ನೀವು ಆ ತಕ್ಕಡಿಯನ್ನು ನಿಮ್ಮ ಬದುಕಿಗೆ ಹೊಂದಿಸ್ತಾ ಇದ್ದೀರಿ.

ಇವತ್ತಿನ ದೊಡ್ಡ ಮೇಲ್ ಕಂಪನಿಗಳ ಜರಡಿ ಇದಕ್ಕಿಂತ ಎಷ್ಟೋ ಸಂಕೀರ್ಣ. ಆದರೂ ತಳದಲ್ಲಿ ಇರೋದು ಇದೇ ಯೋಚನೆ: ಹಿಂದೆ ನೋಡಿದ್ದರಿಂದ ಮುಂದಿನದನ್ನು ಊಹಿಸೋದು.

ಮೂರನೇ ಜರಡಿ: ಗುರುತಿನ ಚೀಟಿ

1982ರಲ್ಲಿ ಬಿಟ್ಟುಹೋಗಿದ್ದ ಗುರುತಿನ ಪರೀಕ್ಷೆಯನ್ನು ಇಂಜಿನಿಯರುಗಳು ಆಮೇಲೆ ತುಂಡು ತುಂಡಾಗಿ ಸೇರಿಸಿದರು. ಮೂರು ಹೆಸರು ಗೊತ್ತಿದ್ರೆ ಸಾಕು.

ಮೊದಲನೆಯದು ಎಸ್‌ಪಿಎಫ್. ಒಂದು ಸಂಸ್ಥೆ ತನ್ನ ಡೊಮೇನ್ ಹೆಸರಿನ ಜೊತೆ 'ನನ್ನ ಹೆಸರಲ್ಲಿ ಮೇಲ್ ಕಳಿಸೋಕೆ ಈ ಕಂಪ್ಯೂಟರುಗಳಿಗೆ ಮಾತ್ರ ಅಧಿಕಾರ' ಅಂತ ಬಹಿರಂಗವಾಗಿ ಪ್ರಕಟಿಸುತ್ತೆ. ಎರಡನೆಯದು ಡಿಕಿಮ್. ಇಲ್ಲಿ ಮೇಲಿಗೆ ಡಿಜಿಟಲ್ ಸಹಿ ಬೀಳುತ್ತೆ. ಸಹಿಯ ಗುಟ್ಟಿನ ಕೀಲಿ ಕಳಿಸುವವರ ಹತ್ತಿರ, ಪರೀಕ್ಷಿಸೋ ಕೀಲಿ ಎಲ್ಲರಿಗೂ ಕಾಣೋ ಹಾಗೆ. ದಾರಿಯಲ್ಲಿ ಯಾರಾದ್ರೂ ಬರಹ ಬದಲಿಸಿದ್ರೆ ಸಹಿ ತಾಳೆ ಆಗೋದಿಲ್ಲ. ಮೂರನೆಯದು ಡಿಮಾರ್ಕ್, 2015ರಲ್ಲಿ ಬರಹಕ್ಕೆ ಬಂದ ನಿಯಮ. ಇವೆರಡೂ ತಾಳೆ ಆಗದಿದ್ರೆ ಮೇಲನ್ನು ಏನು ಮಾಡಬೇಕು, ಬಿಡಬೇಕಾ, ಸ್ಪ್ಯಾಮಿಗೆ ಹಾಕಬೇಕಾ, ತಿರಸ್ಕರಿಸಬೇಕಾ ಅಂತ ಡೊಮೇನಿನ ಒಡೆಯರೇ ಹೇಳೋ ಸೂಚನೆ ಅದು.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ದೊಡ್ಡ ಪ್ರಮಾಣದಲ್ಲಿ ಕಡ್ಡಾಯ ಮಾಡಿದವು. ಜಿಮೇಲಿನ ಲೆಕ್ಕದಲ್ಲಿ ದಿನಕ್ಕೆ 5000 ಅಥವಾ ಹೆಚ್ಚು ಮೇಲ್ ಕಳಿಸೋರಿಗೆ ಈ ಮೂರೂ ಇರಬೇಕು, ಒಂದೇ ಕ್ಲಿಕ್ಕಿನಲ್ಲಿ ಹೊರಬರೋ ಅವಕಾಶ ಕೊಡಬೇಕು, ಸ್ಪ್ಯಾಮ್ ಅಂತ ದೂರುವವರ ಪ್ರಮಾಣ 0.3 ಪ್ರತಿಶತ ಮುಟ್ಟಬಾರದು, ಅಂದ್ರೆ ಸಾವಿರಕ್ಕೆ ಮೂರು.

ಒಂದು ಎಚ್ಚರಿಕೆ. ಗುರುತಿನ ಚೀಟಿ ಇದ್ದವರೆಲ್ಲ ಸಜ್ಜನರಲ್ಲ. ಮೋಸಗಾರರು ದೊಡ್ಡ ಕಂಪನಿಯ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಡೊಮೇನ್ ಕೊಂಡು, ಅದಕ್ಕೆ ಮೂರೂ ಸರಿಯಾಗಿ ಹಾಕಿಕೊಂಡು ಬರಬಹುದು. 'ಈ ಮೇಲ್ ಈ ಡೊಮೇನಿನದ್ದೇ' ಅಂತ ಮಾತ್ರ ಈ ತಂತ್ರ ಹೇಳುತ್ತೆ. ಆ ಡೊಮೇನ್ ಯಾರದು ಅಂತ ನೋಡೋದು ನಮ್ಮ ಕಣ್ಣಿನ ಕೆಲಸವೇ.

ಸಾಗಿಸಿದವರ ಹೊಣೆ

ಈಗ ಎರಡನೇ ಪ್ರಶ್ನೆಗೆ ಬರೋಣ. ಮೇಲಿನ ಮೂರು ಜರಡಿಗಳೂ ಇರೋದು ಮೇಲ್ ಪಡೆಯುವವರ ಕಡೆ. ಕಳಿಸುವ ಕಡೆ ಇರೋ ಇಂಟರ್ನೆಟ್ ಕಂಪನಿ ಏನು ಮಾಡಬಹುದು?

ಬಹಳ ಮಾಡಬಹುದು. ಮನೆ ಸಂಪರ್ಕಗಳಿಂದ ನೇರವಾಗಿ ಮೇಲ್ ಸರ್ವರುಗಳಿಗೆ ಹೋಗೋ 25ನೇ ಪೋರ್ಟನ್ನು ಮುಚ್ಚಬಹುದು. ವೈರಸ್ ಹೊಕ್ಕ ಮನೆಯ ಕಂಪ್ಯೂಟರುಗಳು ಮಾಲೀಕರಿಗೇ ಗೊತ್ತಿಲ್ಲದ ಹಾಗೆ ಸ್ಪ್ಯಾಮ್ ಕಳಿಸೋದು ಇದರಿಂದ ತಪ್ಪುತ್ತೆ. ನಾವು ಮಾಮೂಲಿ ಮೇಲ್ ಕಳಿಸೋಕೆ ಲಾಗಿನ್ ಇರೋ ಬೇರೆ ಪೋರ್ಟ್ ಇರೋದರಿಂದ ತೊಂದರೆ ಆಗೋದಿಲ್ಲ. ಇನ್ನು, ದೂರು ಸ್ವೀಕರಿಸೋಕೆ 'ಅಬ್ಯೂಸ್' ಅನ್ನೋ ಹೆಸರಿನ ಮೇಲ್ ವಿಳಾಸ ಇರಬೇಕು ಅಂತ 1997ರಿಂದಲೇ ರೂಢಿ ಇದೆ. ಕತಾರಿನ ಐಪಿ ವಿಳಾಸಗಳನ್ನು ನೋಡಿಕೊಳ್ಳುವ ರೈಪ್ ಎನ್‌ಸಿಸಿ ನೋಂದಣಿ ಸಂಸ್ಥೆ, ವಿಳಾಸ ಪಡೆದ ಕಂಪನಿಗಳು ದೂರಿನ ವಿಳಾಸವನ್ನು ದಾಖಲಿಸಲೇಬೇಕು ಅಂತ ನಿಯಮ ಮಾಡಿದೆ. ಭಾರತದ ಕಡೆಗೆ ಅಪ್ನಿಕ್ ಅನ್ನೋ ಸಂಸ್ಥೆ ಇದೆ. ಯಾವ ಐಪಿ ಯಾವ ಕಂಪನಿಯದು ಅಂತ ಯಾರು ಬೇಕಾದರೂ 'ಹೂಈಸ್' ಹುಡುಕಾಟದಲ್ಲಿ ನೋಡಬಹುದು.

ಹಾಗಾದ್ರೆ ಕಂಪನಿಗಳು ಯಾಕೆ ಮಾಡೋದಿಲ್ಲ? ದೂರು ಓದೋಕೆ ಜನ ಬೇಕು, ಸಂಬಳ ಬೇಕು. ಸ್ಪ್ಯಾಮ್ ಕಳಿಸೋರು ಕೂಡ ಬಾಡಿಗೆ ಕಟ್ಟೋ ಗ್ರಾಹಕರೇ. ತೊಂದರೆ ಆಗೋದು ಎಲ್ಲೋ ದೂರದವರಿಗೆ.

ಆದರೆ ನಡುವಿನವರು ಮನಸ್ಸು ಮಾಡಿದ್ರೆ ಏನಾಗುತ್ತೆ ಅಂತ ಒಂದು ಸಲ ಜಗತ್ತು ನೋಡಿತು. ಅಮೆರಿಕದ ಸ್ಯಾನ್ ಹೋಸೆಯಲ್ಲಿ ಮೆಕೊಲೊ ಅಂತ ಒಂದು ಹೋಸ್ಟಿಂಗ್ ಕಂಪನಿ ಇತ್ತು. ಲಕ್ಷಾಂತರ ಸೋಂಕಿತ ಕಂಪ್ಯೂಟರುಗಳಿಗೆ ಆದೇಶ ಕೊಡುವ ಸರ್ವರುಗಳು ಅಲ್ಲಿದ್ದವು. ಭದ್ರತಾ ಸಂಶೋಧಕರು ಸಾಕ್ಷ್ಯ ಕಲೆಹಾಕಿದರು. ವಾಷಿಂಗ್ಟನ್ ಪೋಸ್ಟಿನ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅದನ್ನು ಮೆಕೊಲೊಗೆ ಸಂಪರ್ಕ ಮಾರುತ್ತಿದ್ದ ಎರಡು ದೊಡ್ಡ ಕಂಪನಿಗಳ ಮುಂದೆ ಇಟ್ಟರು. 2008ರ ನವೆಂಬರ್ 11ರಂದು ಆ ಸಂಪರ್ಕ ಕಡಿದುಹೋಯ್ತು. ಒಂದೇ ದಿನದಲ್ಲಿ ಜಗತ್ತಿನ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿತ್ತು, ಕೆಲವರ ಅಳತೆಯಲ್ಲಿ ಮೂರನೇ ಎರಡು ಭಾಗದಷ್ಟು ಇಳಿಯಿತು. ಯಾವ ಕೋರ್ಟೂ ಆದೇಶ ಕೊಟ್ಟಿರಲಿಲ್ಲ, ಹೊಸ ತಂತ್ರಜ್ಞಾನವೂ ಬಂದಿರಲಿಲ್ಲ. ಕೆಲವು ತಿಂಗಳಲ್ಲಿ ಸ್ಪ್ಯಾಮರುಗಳು ಬೇರೆ ಕಡೆ ಬಿಡಾರ ಹೂಡಿ ಮತ್ತೆ ಹಳೆ ಮಟ್ಟಕ್ಕೆ ಬಂದರು ಅನ್ನೋದನ್ನೂ ಹೇಳಲೇಬೇಕು. ಕಳೆ ಕಿತ್ತ ಹಾಗೆ ಇದು, ಒಂದು ಸಲ ಕಿತ್ತು ಕೈ ತೊಳೆದುಕೊಳ್ಳೋಕೆ ಆಗೋದಿಲ್ಲ.

ಕಾನೂನು ಏನು ಹೇಳುತ್ತೆ?

ಕತಾರಿನಲ್ಲಿ 2016ರ 13ನೇ ಕಾನೂನು, ಅಂದ್ರೆ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಇದರ ಬಗ್ಗೆ ನೇರವಾಗಿ ಮಾತಾಡುತ್ತೆ. ಅದರ 22ನೇ ವಿಧಿ ಪ್ರಕಾರ, ಮುಂಚಿತ ಒಪ್ಪಿಗೆ ಇಲ್ಲದೆ ಯಾರಿಗೂ ಮಾರಾಟದ ಎಲೆಕ್ಟ್ರಾನಿಕ್ ಸಂದೇಶ ಕಳಿಸುವಂತಿಲ್ಲ. ಕಳಿಸಿದ್ರೆ ಕಳಿಸಿದವರು ಯಾರು, ಇದು ಮಾರಾಟದ ಸಂದೇಶ ಅನ್ನೋದು ಕಾಣಬೇಕು, 'ಸಾಕು ನಿಲ್ಲಿಸಿ' ಅಂತ ಹೇಳೋಕೆ ವಿಳಾಸ ಇರಬೇಕು. ಮೀರಿದ್ರೆ 10 ಲಕ್ಷ ರಿಯಾಲ್ ತನಕ ದಂಡ. ದೂರಸಂಪರ್ಕ ಕಂಪನಿಗಳ ಮೇಲೆ ಕಣ್ಣಿಡೋದು 2014ರಲ್ಲಿ ಸ್ಥಾಪನೆಯಾದ ಸಂವಹನ ನಿಯಂತ್ರಣ ಪ್ರಾಧಿಕಾರ. ಗ್ರಾಹಕರು ಮೊದಲು ಕಂಪನಿಗೆ ದೂರು ಕೊಟ್ಟು, ಅಲ್ಲಿ ಆಗದಿದ್ರೆ ಪ್ರಾಧಿಕಾರಕ್ಕೆ ಹೋಗಬಹುದು.

ಭಾರತದ ಚಿತ್ರ ಬೇರೆ. ಫೋನ್ ಕರೆ ಮತ್ತು ಎಸ್‌ಎಂಎಸ್ ಸ್ಪ್ಯಾಮಿಗೆ ಟ್ರಾಯ್‌ನ 2018ರ ನಿಯಮಗಳಿವೆ. ಅವುಗಳಲ್ಲಿ ಹೊಣೆಯನ್ನು ಸಾಗಿಸುವ ಕಂಪನಿಗಳ ಮೇಲೂ ಹೊರಿಸಲಾಗಿದೆ. ಮಾರಾಟದ ಸಂದೇಶ ಕಳಿಸೋ ಪ್ರತಿಯೊಬ್ಬರೂ ಮೊಬೈಲ್ ಕಂಪನಿಯಲ್ಲಿ ನೋಂದಾಯಿಸಬೇಕು, ಸಂದೇಶದ ಮಾದರಿಯನ್ನೂ ಒಪ್ಪಿಸಬೇಕು. 2025ರ ಫೆಬ್ರವರಿಯ ತಿದ್ದುಪಡಿ ಪ್ರಕಾರ, ಸ್ಪ್ಯಾಮಿನ ಲೆಕ್ಕವನ್ನು ತಪ್ಪಾಗಿ ವರದಿ ಮಾಡೋ ಕಂಪನಿಗೆ ಮೊದಲ ಸಲ 2 ಲಕ್ಷ, ಎರಡನೇ ಸಲ 5 ಲಕ್ಷ, ಆಮೇಲೆ ಪ್ರತಿ ಸಲ 10 ಲಕ್ಷ ರೂಪಾಯಿ ದಂಡ. ಆದರೆ ಈ ನಿಯಮಗಳ ವ್ಯಾಪ್ತಿಯಲ್ಲಿ ಇಮೇಲ್ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯಲ್ಲಿ ಕಿರಿಕಿರಿ ಮಾಡೋ ಇಮೇಲಿನ ಬಗ್ಗೆ ಒಂದು ಮಾತಿತ್ತು. ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಅಂತ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಇಡೀ ವಿಧಿಯನ್ನೇ ರದ್ದು ಮಾಡಿತು. ಅದೇ ಕಾಯ್ದೆಯ 79ನೇ ವಿಧಿ, ಬರೀ ಸಾಗಿಸೋ ಮಧ್ಯವರ್ತಿಗೆ ಷರತ್ತುಗಳೊಂದಿಗೆ ರಕ್ಷಣೆ ಕೊಡುತ್ತೆ.

ಆ ರಕ್ಷಣೆ ಬೇಕಾ? ನಮ್ಮ ಅಭಿಪ್ರಾಯದಲ್ಲಿ ಬೇಕು. ಪ್ರತಿ ಕಾಗದಕ್ಕೂ ಅಂಚೆಯವರೇ ಜೈಲಿಗೆ ಹೋಗಬೇಕು ಅಂದ್ರೆ, ಅವರು ಪ್ರತಿ ಕಾಗದವನ್ನೂ ಒಡೆದು ಓದೋಕೆ ಶುರು ಮಾಡ್ತಾರೆ. ಅದು ಸ್ಪ್ಯಾಮಿಗಿಂತ ಕೆಟ್ಟದ್ದು. ಕಂಪನಿಯಿಂದ ಕೇಳಬೇಕಾದ ಹೊಣೆ ಬೇರೆ ತರಹದ್ದು: ದೂರಿನ ವಿಳಾಸ ಇಟ್ಟುಕೋ, ಬಂದ ದೂರನ್ನು ಓದು, ಗೊತ್ತಾದ ಮೇಲೆ ಸುಮ್ಮನೆ ಕೂರಬೇಡ, ತಪ್ಪು ಮಾಡಿದವರನ್ನು ಮಿಕ್ಕವರಿಂದ ಬೇರೆ ಮಾಡಿ ತೋರಿಸು. ಇದಕ್ಕೆ ಯಾರ ಕಾಗದವನ್ನೂ ಒಡೆಯಬೇಕಾಗಿಲ್ಲ.

ಆ ಕೊನೆಯ ಮಾತು ಈಗ ಇನ್ನೂ ಮುಖ್ಯ. ಐಪಿ ವಿಳಾಸದ ಹಳೆ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ಅಂಕೆ ಮಾತ್ರ. ರೈಪ್ ಎನ್‌ಸಿಸಿ ಹತ್ತಿರ ಅವು 2019ರ ನವೆಂಬರ್ 25ಕ್ಕೆ ಖಾಲಿಯಾದವು. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸದ ಹಿಂದೆ ನೂರಾರು ಗ್ರಾಹಕರನ್ನು ಕೂರಿಸ್ತಾರೆ. 2007ರಲ್ಲಿ ಕತಾರಿಗೆ ಆದದ್ದು ಈಗ ಚಿಕ್ಕ ಅಳತೆಯಲ್ಲಿ ಎಲ್ಲ ಕಡೆ ಆಗ್ತಾ ಇರುತ್ತೆ. ಏನೂ ಮಾಡದ ನಿಮಗೆ ಯಾವುದೋ ಸೈಟು 'ನೀವು ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ' ಅಂತ ಪದೇ ಪದೇ ಕೇಳಿದ್ರೆ, ವಿಳಾಸ ಹಂಚಿಕೊಂಡ ಅಪರಿಚಿತ ನೆರೆಯವರೊಬ್ಬರು ಕಾರಣ ಇರಬಹುದು. ಐಪಿವಿ6 ಅನ್ನೋ ಹೊಸ ಪದ್ಧತಿಯಲ್ಲಿ ಪ್ರತಿ ಮನೆಗೂ ಬೇರೆ ವಿಳಾಸ ಕೊಡೋಷ್ಟು ಜಾಗ ಇದೆ. ಅದನ್ನು ಜಾರಿ ಮಾಡಿ ಅಂತ ಕಂಪನಿಗೆ ಕೇಳೋದೂ ಗ್ರಾಹಕರ ಹಕ್ಕೇ.

ನಾವು ಮಾಡಬಹುದಾದದ್ದು

ಕೆಲಸದ ಆಫರ್ ಬಂದ್ರೆ ಮೊದಲು 'ಫ್ರಮ್' ಜಾಗದ ಹೆಸರನ್ನು ಬಿಟ್ಟು ಅದರ ಹಿಂದಿನ ಪೂರ್ತಿ ವಿಳಾಸ ನೋಡಿ. ಜಿಮೇಲಿನಲ್ಲಿ 'ಶೋ ಒರಿಜಿನಲ್' ಒತ್ತಿದ್ರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಪಾಸಾ ಫೇಲಾ ಅಂತ ಕಾಣುತ್ತೆ. ಕಂಪ್ಯೂಟರಿನಲ್ಲಿ ನೋಡಿದ್ರೆ ಸುಲಭ. ಫೇಲ್ ಆಗಿದ್ರೆ ದುಡ್ಡಿನ ಮಾತೇ ಬೇಡ. ಪಾಸ್ ಆಗಿದ್ರೂ ಡೊಮೇನಿನ ಒಂದೊಂದು ಅಕ್ಷರ ಓದಿ.

ಭಾರತದಿಂದ ಹೋಗೋರು ಏಜೆಂಟರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಣಿ ಆಗಿದೆಯಾ ಅಂತ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅನ್ನೋ ಮಿತಿ ಇದೆ, ರಶೀದಿ ಕೇಳಿ ಪಡೆಯಿರಿ. ದುಡ್ಡು ಹೋಗಿಬಿಟ್ಟಿದ್ರೆ ನಾಚಿಕೊಂಡು ಕೂರಬೇಡಿ, ಭಾರತದಲ್ಲಿ 1930ಕ್ಕೆ ತಕ್ಷಣ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲೇ ಹಣವನ್ನು ತಡೆಹಿಡಿಯೋ ಸಾಧ್ಯತೆ ಹೆಚ್ಚು.

'ಅನ್‌ಸಬ್‌ಸ್ಕ್ರೈಬ್' ಕೊಂಡಿಯನ್ನು ನಿಮಗೆ ಗೊತ್ತಿರೋ ಅಂಗಡಿ, ಸಂಸ್ಥೆಗಳ ಮೇಲಿನಲ್ಲಿ ಮಾತ್ರ ಒತ್ತಿ. ಗೊತ್ತಿಲ್ಲದವರದ್ದನ್ನು ಒತ್ತಿದ್ರೆ 'ಈ ವಿಳಾಸದಲ್ಲಿ ಜೀವ ಇದೆ' ಅಂತ ನೀವೇ ಹೇಳಿದ ಹಾಗೆ. ಅಂಥದ್ದನ್ನು ಸ್ಪ್ಯಾಮ್ ಅಂತ ದೂರಿ ಬಿಡಿ.

ಇನ್ನು ಕನ್ನಡ ಸಂಘಗಳವರಿಗೆ ಒಂದು ಮಾತು. ರಾಜ್ಯೋತ್ಸವದ ಆಮಂತ್ರಣವನ್ನು ಒಬ್ಬರ ಸ್ವಂತ ಮೇಲಿನಿಂದ 600 ಜನರಿಗೆ ಬಿಸಿಸಿ ಹಾಕಿ ಕಳಿಸಿದ್ರೆ ಜರಡಿಗೆ ಅದು ಸ್ಪ್ಯಾಮಿನ ಹಾಗೇ ಕಾಣುತ್ತೆ. ಸಂಘಕ್ಕೆ ಸ್ವಂತ ಡೊಮೇನ್ ತಗೊಳ್ಳಿ, ಆ ಮೂರು ಗುರುತು ಹಾಕಿಸಿ, ಕೇಳಿದವರಿಗೆ ಮಾತ್ರ ಕಳಿಸಿ, ಬೇಡ ಅಂದವರ ಹೆಸರು ಅದೇ ದಿನ ತೆಗೀರಿ. ಕತಾರಿನಲ್ಲಿ ಇದ್ದರೆ ಒಪ್ಪಿಗೆ ಪಡೆಯೋ ಅಭ್ಯಾಸ ಕಾನೂನಿನ ದೃಷ್ಟಿಯಿಂದಲೂ ಕ್ಷೇಮ.

ಕೊನೆಯದಾಗಿ, ಸ್ಪ್ಯಾಮ್ ಕಳಿಸಿದ ಐಪಿ ಯಾವ ಕಂಪನಿಯದು ಅಂತ ಹುಡುಕಿ, ಪೂರ್ತಿ ಹೆಡರ್ ಸಮೇತ ಅವರ ದೂರಿನ ವಿಳಾಸಕ್ಕೆ ಒಂದು ಮೇಲ್ ಹಾಕಿ. ಒಬ್ಬರ ದೂರಿನಿಂದ ಏನಾಗುತ್ತೆ ಅನ್ನಿಸಬಹುದು. ಮೆಕೊಲೊ ವಿಷಯದಲ್ಲಿ ಕೆಲಸ ಮಾಡಿದ್ದು ಜೋಡಿಸಿಟ್ಟ ಸಾಕ್ಷ್ಯವೇ, ಅದು ಸರಿಯಾದ ಜಾಗದಲ್ಲಿ ಇರೋರ ಕೈಗೆ ತಲುಪಿತು, ಅಷ್ಟೇ. ಗೊತ್ತೇ ಇರಲಿಲ್ಲ ಅಂತ ಹೇಳೋ ದಾರಿ ಪ್ರತಿ ದೂರಿಗೂ ಒಂದಿಷ್ಟು ಮುಚ್ಚುತ್ತೆ.

ಈ ಸಂಚಿಕೆಯನ್ನು ಕೆಲಸ ಹುಡುಕ್ತಾ ಇರೋ ನಿಮ್ಮ ತಮ್ಮಂದಿರಿಗೆ, ತಂಗಿಯರಿಗೆ, ಊರಲ್ಲಿರೋ ಅಪ್ಪ ಅಮ್ಮನಿಗೆ ಕೇಳಿಸಿ. ಹಾಗೇ ಇವತ್ತು ಒಂದು ಸಲ ನಿಮ್ಮ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ, ನಿಮಗೆ ಬೇಕಾದ ಕಾಗದ ಏನಾದರೂ ಅಲ್ಲಿ ಬಿದ್ದಿರಬಹುದು.